ಎಡ ಹಿಮ್ಮಡಿ

ಫೆಬ್ರವರಿ 4

ಬುಗುರಿ,

ಮಂಡಿಯ ಆಪರೇಷನ್ ಆಯಿತು, ಬದುಕಿದ್ದೇನೆ. ಹೇಗಾಯಿತು ಎಂದು ಮತ್ತೆ ಕೇಳಬೇಡ, ಮೆಟ್ಟಿಲಲ್ಲಿ ಜಾರಿದೆ, ಅಷ್ಟೆ. ಫೋನ್ ಮಾಡಿದರೆ ನನ್ನ ಕಿವಿಗೆ ಗುಂಯ್ ಎನ್ನುವುದು ಬಿಟ್ಟು ಬೇರೇನೂ ಕೇಳುವುದಿಲ್ಲ. ಮೆಸೇಜು ಒತ್ತಲು ಬೆರಳು ದಪ್ಪ. ಅದಕ್ಕೇ ಈ ಕಾಗದ. ನೀನೂ ಕಾಗದದಲ್ಲೇ ಬರೆ. ನಿನ್ನ ಕೈಬರಹ ನೋಡಿದರೆ ನೀನು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ ಎನ್ನುವುದೂ ನನಗೆ ತಿಳಿಯುತ್ತದೆ.

ಪಕ್ಕದ ಮಂಚದಲ್ಲಿ ಒಬ್ಬ ಕಂಡಕ್ಟರಮ್ಮ ಇದ್ದಾಳೆ. ಮೂವತ್ತು ವರ್ಷ ಬಸ್ಸಿನಲ್ಲಿ ನಿಂತೇ ಟಿಕೆಟ್ ಹರಿದು ಎರಡೂ ಮಂಡಿ ಸವೆಸಿಕೊಂಡು ರಿಟೈರ್ ಆದವಳು. ಕೈಯಲ್ಲಿ ಹಿಡಿದು ಆಡುವ ಒಂದು ಯಂತ್ರವನ್ನು ಅವಳ ಮಗಳು ತಂದುಕೊಟ್ಟಿದ್ದಾಳೆ. ಅದರಲ್ಲೊಂದು ಕೈವರಸೆ, ಕತ್ತಿವರಸೆಯ ಆಟ. ಹಳೆಯ ಕಾಲದ ಒಂದು ರಾಜ್ಯವನ್ನೇ ಒಳಗೆ ಕೂರಿಸಿಬಿಟ್ಟಿದ್ದಾರೆ. ಬೆಟ್ಟ, ಹೊಳೆ, ಪೇಟೆ, ಬಿದಿರ ಮೆಳೆ, ಎಲ್ಲಿ ಬೇಕಾದರೂ ಹೋಗು, ಯಾರ ಜೊತೆ ಬೇಕಾದರೂ ಕಾದಾಡು, ಹೇಳುವವರು ಕೇಳುವವರು ಇಲ್ಲ. ಕಾಸೂ ಕೊಡಬೇಕಾಗಿಲ್ಲ. ‘ಪುಕ್ಕಟೆ ಸಿಕ್ರೆ ನನಗೊಂದು, ನಮ್ಮಪ್ಪನಿಗೊಂದು’ ಎಂದು ಕಂಡಕ್ಟರಮ್ಮ ನನ್ನ ಹೆಸರನ್ನೂ ಅದರಲ್ಲಿ ಸೇರಿಸಿದಳು.

ನಲವತ್ತು ವರ್ಷ ಹೆಂಗಸರಿಗೆ ಮೈ ಕಾಪಾಡಿಕೊಳ್ಳುವ ವಿದ್ಯೆ ಕಲಿಸಿದವಳು ಈಗ ಮಂಚದಲ್ಲಿ ಒರಗಿಕೊಂಡು ಹೆಬ್ಬೆರಳಿನಲ್ಲಿ ಗುದ್ದಾಡುತ್ತಿದ್ದೇನೆ. ನಗು ಬಂದರೆ ನಕ್ಕುಬಿಡು. ಸುಳ್ಳು ಯಾಕೆ ಹೇಳಲಿ, ಆಟ ಚೆನ್ನಾಗಿದೆ. ನಿನ್ನೆ ಮಾಳಿಗೆಯಿಂದ ಮಾಳಿಗೆಗೆ ಹಾರಿದೆ. ಕೆಳಗೆ ಪೇಟೆ, ದೂರದಲ್ಲಿ ಸಂಜೆಬಿಸಿಲು ಬಿದ್ದ ಹೊಳೆ. ಒಂದು ಗಳಿಗೆ ನನಗೆ ಮಂಡಿ ಇದೆ ಎನ್ನುವುದೇ ಮರೆತುಹೋಯಿತು.

ಹುಳುಕೂ ಇವೆ. ತೆರೆಯ ತುಂಬ ಕೆಂಪು ಚುಕ್ಕೆಗಳು, ಇದನ್ನು ಒತ್ತು, ಅದನ್ನು ತಗೋ ಎಂದು ಪೀಡಿಸುತ್ತವೆ. ನಾಲ್ಕು ಜನ ಸುತ್ತುವರಿದರೆ ಒಬ್ಬ ಹೊಡೆಯುತ್ತಾನೆ, ಮೂವರು ಸರದಿಗೆ ಕಾಯುತ್ತಾರೆ. ತನ್ನ ಬಸ್ಸಿನಲ್ಲಿ ಒಂದು ದಿನವಾದರೂ ಯಾರಾದರೂ ಹೀಗೆ ಕ್ಯೂ ನಿಂತಿದ್ದರೆ ಮಂಡಿ ಉಳಿಯುತ್ತಿತ್ತು ಎನ್ನುತ್ತಾಳೆ ಕಂಡಕ್ಟರಮ್ಮ. ಹೊಡೆಯುವ ಮೊದಲು ಎದುರಾಳಿಯ ಮೈ ಕೆಂಪಗೆ ಮಿನುಗುತ್ತದೆ, ಆಗ ಗುಂಡಿ ಒತ್ತಿದರೆ ಏಟು ತಪ್ಪುತ್ತದೆ. ನಿಜವಾದ ಗಂಡಸರು ಹೀಗೆ ಮೊದಲೇ ಮಿನುಗುತ್ತಿದ್ದರೆ ನನ್ನ ಶಾಲೆಗೆ ಯಾರು ಬರುತ್ತಿದ್ದರು ಹೇಳು.

ಶಾಲೆಯನ್ನು ಸದ್ಯಕ್ಕೆ ಕನ್ನಡಕದ ಅಂಗಡಿಯವಳು ನೋಡಿಕೊಳ್ಳುತ್ತಿದ್ದಾಳೆ. ಹೋದ ವರ್ಷ ನೀನು ಬಂದಾಗ ಮೂಲೆಯಲ್ಲಿ ಮ್ಯಾಟು ಮಡಿಸುತ್ತಿದ್ದಳಲ್ಲ, ಎಂಥ ಸೆಕೆಯಲ್ಲೂ ಉದ್ದ ತೋಳಿನ ಅಂಗಿ ಹಾಕುವವಳು, ಅವಳೇ. ಡಿಸೆಂಬರಿನಲ್ಲಿ ಅವಳಿಗೆ ಬಾಗಿಲ ಪಟ್ಟು ಕೊಟ್ಟೆ. ಕದ ಹಾಕಿ, ಅವಳೊಬ್ಬಳಿಗೇ. ನಿನಗೆ ಕೊಡುವಾಗ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಗಂಡಸು ಬಾಗಿಲಿಗೆ ಅಡ್ಡ ನಿಂತು ಕೈ ಹಿಡಿದಾಗ ಅವನನ್ನು ದಾಟಿ ಹೊರಗೆ ಹೋಗಲು ಇರುವುದು ಇದೊಂದೇ. ಯಾರ ಮೇಲೆ ಮಾಡಬೇಕೋ ಅವನು ಮೊದಲೇ ನೋಡಿರಬಾರದು, ಆದ್ದರಿಂದ ಯಾರಿಗೂ ತೋರಿಸಬೇಡ ಎಂದೆ. ಅವಳು ತಲೆಯಾಡಿಸಿದಳು.

ನಿನ್ನ ಕಾರ್ಟೂನು ಕೆಲಸ ಹೇಗೆ ನಡೆದಿದೆ? ಬರೆ.

ದೊಡ್ಡಮ್ಮ

ಫೆಬ್ರವರಿ 13

ದೊಡ್ಡಮ್ಮ,

ನಿನ್ನ ಕಾಗದ ಬಂತು. ನೀನು ಬೈಯುವಷ್ಟು ಚೇತರಿಸಿಕೊಂಡಿದ್ದೀಯ ಎಂದು ಸಮಾಧಾನವಾಯಿತು. ಊಟ ಮಾಡಿಯೇ ಬರೆಯುತ್ತಿದ್ದೇನೆ, ಅಕ್ಷರ ನೋಡಿಕೋ.

ಕೆಲಸ ಇದ್ದ ಹಾಗೇ ಇದೆ. ಮೈಗಂಟಿದ ಕರಿ ಉಡುಪು, ಅದರ ಮೇಲೆಲ್ಲ ಬಿಳಿ ಗುಂಡುಗಳು, ಸುತ್ತ ನಲವತ್ತು ಕ್ಯಾಮೆರಾ. ನಾನು ಬೀಳುತ್ತೇನೆ, ಅವರು ಹಿಡಿದಿಟ್ಟುಕೊಳ್ಳುತ್ತಾರೆ, ಆಮೇಲೆ ಕಾರ್ಟೂನಿನಲ್ಲಿ ಯಾವುದೋ ಪ್ರಾಣಿ ನನ್ನ ಹಾಗೇ ಬೀಳುತ್ತದೆ. ಈ ವಾರ ಕರಡಿ.

ಆ ಆಟದ ಹೆಸರೇನು? ತುಂಬ ಆಡಬೇಡ, ಕಣ್ಣು ಹೋದೀತು. ಅಂಥ ಆಟಗಳಲ್ಲಿ ಮೊದಲ ಊರು ಚೆಂದ, ಆಮೇಲೆ ಅದೇ ರಾಗ ಅದೇ ಹಾಡು. ಹೊಳೆ ದಾಟಿದ ಮೇಲೆ ನೋಡುವಂಥದ್ದು ಏನೂ ಇಲ್ಲವಂತೆ. ಒಂದು ಪದಬಂಧದ ಪುಸ್ತಕ ಕಳಿಸಿದ್ದೇನೆ, ಹೊತ್ತು ಹೋಗುತ್ತದೆ.

ಕನ್ನಡಕದ ಅಂಗಡಿಯವರಿಗೆ ಒಳ್ಳೆಯದಾಗಲಿ. ಅವರು ಅದನ್ನು ಉಪಯೋಗಿಸುವ ಸಂದರ್ಭವೇ ಬರದಿರಲಿ.

ನಿನ್ನ ಬುಗುರಿ

ಫೆಬ್ರವರಿ 21

ಬುಗುರಿ,

ಮನೆಗೆ ಬಂದೆ. ಕೆಳಗಿನ ಟೈರ್ ಅಂಗಡಿಯವನೂ ಅವನ ಅಣ್ಣನೂ ನನ್ನನ್ನು ಕುರ್ಚಿ ಸಮೇತ ಶಾಲೆಯ ಇಪ್ಪತ್ತೆರಡು ಮೆಟ್ಟಿಲು ಹತ್ತಿಸಿದರು, ಮದುವೆ ಹೆಣ್ಣಿಗೂ ಅಷ್ಟು ಉಪಚಾರ ಸಿಗುವುದಿಲ್ಲ. ಪದಬಂಧ ಕಂಡಕ್ಟರಮ್ಮನ ಪಾಲಾಯಿತು. ಅವಳ ಮನೆ ಇಲ್ಲಿಗೆ ಎರಡು ಸ್ಟಾಪು ಅಷ್ಟೆ. ಮಧ್ಯಾಹ್ನ ಯಂತ್ರ ಹಿಡಿದುಕೊಂಡು ಬರುತ್ತಾಳೆ, ಪಾಳಿಯ ಮೇಲೆ ಆಡುತ್ತೇವೆ.

ಹೊಳೆ ದಾಟಿದ ಮೇಲೆ ಏನೂ ಇಲ್ಲ ಎಂದೆಯಲ್ಲ, ಅದಕ್ಕೇ ದಾಟಿದೆ. ಬೇಡ ಎಂದದ್ದನ್ನು ನಾನು ಮೊದಲು ಮಾಡುತ್ತೇನೆ ಎನ್ನುವುದು ನಿನಗೆ ಮರೆತುಹೋಯಿತೇ?

ಒಳ್ಳೆಯದನ್ನು ಮೊದಲು ಹೇಳುತ್ತೇನೆ. ಆಟದಲ್ಲಿ ಬರೀ ಬಡಿದಾಟವಿಲ್ಲ, ವೈದ್ಯೆಯಾಗಿಯೂ ಇರಬಹುದು. ಕಂಡಕ್ಟರಮ್ಮ ಮರದಡಿ ಕೂತು ಗಾಯಾಳುಗಳನ್ನು ನೋಡುತ್ತಾಳೆ. ಯಾವ ಯಾವ ದೇಶದವರೋ ಬಂದು ಕೂತು ವಾಸಿಯಾಗಿ, ತಲೆಬಾಗಿ ಹೋಗುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ತನಗೆ ಒಬ್ಬರೂ ತಲೆಬಾಗಲಿಲ್ಲ ಎಂದು ಅವಳು ಕಣ್ಣೊರೆಸಿಕೊಂಡಳು. ಇಷ್ಟನ್ನೂ ಬಿಟ್ಟಿಯಾಗಿ ಕೊಟ್ಟ ಪುಣ್ಯಾತ್ಮರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಬಟ್ಟೆಬರೆ ಬೇಕಾದರೆ ಮಾತ್ರ ದುಡ್ಡು. ನಾವು ಹರಕು ನಿಲುವಂಗಿಯಲ್ಲೇ ಇದ್ದೇವೆ.

ಈಗ ಹುಳುಕು. ಅಲ್ಲಿನ ಜನಕ್ಕೆ ನಾವು ಏನು ಬೇಕಾದರೂ ಹೇಳಬಹುದು, ಅವರು ಉತ್ತರ ಕೊಡುತ್ತಾರೆ. ಕೋಟೆಯ ಕಾವಲುಗಾರನಿಗೆ ಕಂಡಕ್ಟರಮ್ಮ ‘ನಿನ್ನ ಮನೆಗೆ ಬೆಂಕಿ ಬಿದ್ದಿದೆ’ ಎಂದಳು, ಅವನು ನಂಬಿ ಕದ ತೆಗೆದ. ಹೇಳಿದ ಸುಳ್ಳನ್ನೆಲ್ಲ ಇಷ್ಟು ಸಲೀಸಾಗಿ ನಂಬಬಾರದು.

ಇನ್ನೊಂದಿದೆ. ಅಲ್ಲಿ ವಿದ್ಯೆಯನ್ನು ಯಾರೂ ಕಲಿಸಬೇಕಾಗಿಲ್ಲ, ಕದಿಯಬಹುದು. ಬಲ್ಲವರು ಅಭ್ಯಾಸ ಮಾಡುತ್ತಿರುವಾಗ ಮರೆಯಲ್ಲಿ ಕೂತು ನೋಡಿದರೆ ಸಾಕು, ಪಟ್ಟು ನಿನ್ನದಾಯಿತು. ಹೊಳೆಯಾಚೆ ಸೇತುವೆಯ ಮೇಲೆ ಬಿಳಿ ಬಟ್ಟೆಯವಳೊಬ್ಬಳು ನಿಂತಿರುತ್ತಾಳೆ. ಅವಳು ಮಾಡುವ ಪಟ್ಟಿಗೆ ‘ಕೊಕ್ಕರೆ ಹೊರಳು’ ಎಂದು ಹೆಸರು. ಹಿಡಿದ ಕೈಯ ಕಡೆಗೇ ತಿರುಗಿ, ಅವನ ಮೊಣಕೈ ಕೆಳಗಿಂದ ನುಸುಳಿ ಆಚೆ ಬರುವುದು. ಯಾರು ಮಾಡಿದ್ದೋ, ಭುಜ ಚೆನ್ನಾಗಿದೆ, ಸೊಂಟ ಚೆನ್ನಾಗಿದೆ. ತಿರುಗುವ ಮೊದಲು ಎಡ ಹಿಮ್ಮಡಿ ಮಾತ್ರ ಒಂದು ಕ್ಷಣ ನೆಲಕ್ಕೆ ಇಳಿಯುತ್ತದೆ. ಅದನ್ನು ನಾನು ಹತ್ತು ಸಲ ನೋಡಿದೆ.

ಆ ಹುಡುಗಿ ಯಾರ ಹತ್ತಿರ ಕಲಿತಳೋ, ನಿನಗೇನಾದರೂ ಗೊತ್ತೇ?

ದೊಡ್ಡಮ್ಮ

ಮಾರ್ಚ್ 2

ದೊಡ್ಡಮ್ಮ,

ನನಗೆ ಹೇಗೆ ಗೊತ್ತಿರುತ್ತದೆ? ಆಟ ಮಾಡುವವರು ಹಳೆಯ ಪುಸ್ತಕದ ಚಿತ್ರ ನೋಡಿ ಏನೇನೋ ಹೊಂದಿಸುತ್ತಾರೆ. ಕೈಕಾಲು ಇರುವುದು ಎರಡೆರಡೇ, ಎಲ್ಲರ ಪಟ್ಟೂ ಒಂದೇ ಥರ ಕಾಣುತ್ತದೆ. ನೀನು ಮಲಗಿದಲ್ಲೇ ಇದ್ದು ಸುಮ್ಮನೆ ತಲೆಗೆ ಹಚ್ಚಿಕೊಳ್ಳುತ್ತಿದ್ದೀಯ.

ಈ ತಿಂಗಳು ಬರಲಾಗುವುದಿಲ್ಲ. ಕರಡಿ ಮುಗಿಯಿತು, ಈಗ ಕುದುರೆ. ದಿನಕ್ಕೆ ಹದಿನೈದು ಸಲ ಬೀಳುತ್ತೇನೆ. ಮಂಡಿಯ ವ್ಯಾಯಾಮ ತಪ್ಪಿಸಬೇಡ.

ಬುಗುರಿ

ಏಪ್ರಿಲ್ 17

ಬುಗುರಿ,

ಆರು ವಾರ ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ನೀನು ಯಾಕೆ ಬರೆಯಲಿಲ್ಲವೆಂದು ನನಗೆ ಗೊತ್ತು. ನಾನು ಯಾಕೆ ಬರೆಯಲಿಲ್ಲವೆಂದು ಈಗ ಹೇಳುತ್ತೇನೆ.

ಹೋದ ಭಾನುವಾರ ಕನ್ನಡಕದ ಅಂಗಡಿಯವಳ ಗಂಡ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು ಅವಳ ಕೈ ಹಿಡಿದ. ಅವಳು ನಾನು ಕಲಿಸಿದ ಹಾಗೇ ಅವನ ಕಡೆಗೆ ತಿರುಗಿದಳು. ಅವಳ ಎಡ ಹಿಮ್ಮಡಿ ನೆಲಕ್ಕೆ ತಾಗಿದ್ದೇ ತಡ, ಅವನು ನಕ್ಕನಂತೆ.

“ಇದು ನಂಗೊತ್ತು ಕಣೇ” ಎಂದು ಅವಳ ಕೈ ತಿರುಚಿದ.

ಮಣಿಕಟ್ಟು ಎರಡು ಕಡೆ ಮುರಿದಿದೆ. ತೆಗೆದುಕೊಂಡು ಹೋಗಿದ್ದ ಏಣಿ ಹಿಂದಿರುಗಿಸಲು ಪಕ್ಕದ ಮನೆಯವರು ಆ ಹೊತ್ತಿಗೆ ಬಾಗಿಲು ಬಡಿದದ್ದಕ್ಕೆ ಅವಳು ಹೊರಗೆ ಬಂದಳು, ನಾನು ಕಲಿಸಿದ ವಿದ್ಯೆಯಿಂದಲ್ಲ. ಈಗ ಇಲ್ಲೇ ಶಾಲೆಯಲ್ಲಿ ಇದ್ದಾಳೆ. ಅವನು ಎರಡು ತಿಂಗಳಿಂದ ಫೋನಿನಲ್ಲಿ ಆ ಆಟ ಆಡುತ್ತಿದ್ದನಂತೆ. ಬಿಟ್ಟಿ ಆಟವಲ್ಲವೇ, ಯಾರ ಫೋನಿನಲ್ಲಿ ಇಲ್ಲ ಹೇಳು. ಹಿಂದಿನ ಕಾಗದದಲ್ಲಿ ಅದನ್ನೇ ನಾನು ಹೊಗಳಿದ್ದೆ.

ಪ್ಲಾಸ್ಟರ್ ಹಾಕಿಸಿಕೊಂಡು ಬಂದು ಅವಳು ನನ್ನೆದುರು ನಿಂತು ಕೇಳಿದ್ದು ಒಂದೇ ಮಾತು.

“ಟೀಚರ್, ನಾನೆಲ್ಲಿ ತಪ್ಪಿದೆ?”

ಸೇತುವೆಯ ಮೇಲಿನವಳನ್ನು ನಾನು ಮೊದಲ ಸಲಕ್ಕೇ ಗುರುತಿಸಿದ್ದೆ. ಒಂಬತ್ತು ವರ್ಷದವಳಿದ್ದಾಗಿಂದ ನನ್ನ ಕಣ್ಣೆದುರು ಬೆಳೆದ ಮೈ ಅದು, ಬಿಳಿ ಬಟ್ಟೆ ಹಾಕಿ ಮುಖ ಬದಲಿಸಿದರೆ ನನಗೆ ತಿಳಿಯದೇ? ಆದರೂ ಕೇಳಿದೆ. ನೀನೇ ಬಾಯಿ ಬಿಟ್ಟು ಹೇಳಲಿ ಎಂದು ಕಾದೆ. ಹೇಳುವವರೆಗೂ ಕಾಗದ ಬರೆಯುವುದಿಲ್ಲ ಎಂದು ಹಟ ಹಿಡಿದೆ. ಆ ಆರು ವಾರದಲ್ಲಿ ಒಂದು ದಿನ ಅವಳನ್ನು ಕರೆದು, ಆ ಪಟ್ಟು ಈಗ ಬೀದಿಗೆ ಬಿದ್ದಿದೆ, ಅದನ್ನು ನಂಬಿಕೊಂಡಿರಬೇಡ ಎಂದಿದ್ದರೆ ಸಾಕಿತ್ತು. ಅವಳು ದಿನವೂ ನನ್ನ ಮುಂದೆಯೇ ಕಸ ಗುಡಿಸುತ್ತಿದ್ದಳು. ನಿನ್ನ ಮೇಲಿನ ಸಿಟ್ಟಿನಲ್ಲಿ ಅವಳು ನನಗೆ ಕಾಣಲೇ ಇಲ್ಲ.

ಇನ್ನು ನಿನ್ನನ್ನು ಏನೂ ಕೇಳುವುದಿಲ್ಲ.

ದೊಡ್ಡಮ್ಮ

ಏಪ್ರಿಲ್ 25

ದೊಡ್ಡಮ್ಮ,

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಹಾಗೆ, ನಿಮ್ಮ ಮೊದಲ ಕಾಗದ ಓದಿದಾಗಲೇ ನಾನು ಅಳುಕಿದ್ದೆ. ಹೊಳೆ ದಾಟಬೇಡಿ ಎಂದದ್ದು ಅದಕ್ಕೇ. ನಿಮಗೆ ತಿಳಿದಿಲ್ಲ, ಸುಮ್ಮನೆ ಕೇಳುತ್ತಿದ್ದೀರಿ ಎಂದೇ ನಾನು ಅಂದುಕೊಂಡಿದ್ದೆ. ಇಲ್ಲ, ಅದೂ ಸುಳ್ಳು. ಹಾಗೆ ಅಂದುಕೊಂಡರೆ ನನಗೆ ಅನುಕೂಲವಾಗುತ್ತಿತ್ತು.

ಕರಡಿಯೂ ಇಲ್ಲ, ಕುದುರೆಯೂ ಇಲ್ಲ. ಎರಡು ವರ್ಷದಿಂದ ಆ ಆಟಕ್ಕೇ ಕೆಲಸ ಮಾಡುತ್ತಿದ್ದೇನೆ. ಬೇರೆಯವರು ವರಸೆ ಮಾಡುತ್ತಾರೆ, ನಾನು ಏಟು ತಿಂದು ಬೀಳುತ್ತೇನೆ. ಅವತ್ತು ಬೆಳಗಿನಿಂದ ಹದಿನಾರು ಸಲ ಬಿದ್ದಿದ್ದೆ. ಕ್ಯಾಮೆರಾದವರು ಬಿಸ್ಕತ್ತು ತಿನ್ನುತ್ತ ಫೋನ್ ನೋಡುತ್ತಿದ್ದರು, ನಾನು ಎದ್ದೆನೋ ಇಲ್ಲವೋ ಎಂದೂ ಯಾರೂ ನೋಡಲಿಲ್ಲ. ಹೊತ್ತು ಇನ್ನೂ ಉಳಿದಿದೆ, ನಿನಗೆ ಬೇರೆ ಏನಾದರೂ ಬರುತ್ತಾ ಎಂದು ನಿರ್ದೇಶಕರು ಆಕಳಿಸುತ್ತ ಕೇಳಿದರು. ನನಗೆ ಅದಕ್ಕಾಗಿ ಒಂದು ಕಾಸೂ ಹೆಚ್ಚು ಸಿಗಲಿಲ್ಲ, ಸಿಗುತ್ತದೆ ಎಂದು ಮಾಡಿದ್ದೂ ಅಲ್ಲ. ಅವರು ಒಂದು ಸಲ ತಲೆಯೆತ್ತಿ ನನ್ನನ್ನು ನೋಡಲಿ ಅನ್ನಿಸಿತು, ಅಷ್ಟೆ. ಬಾಗಿಲ ಪಟ್ಟು ಮಾಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಇನ್ನೊಮ್ಮೆ ಎಂದರು, ಇನ್ನೊಮ್ಮೆ ಮಾಡಿದೆ. ಆ ಚಪ್ಪಾಳೆ ನೆನಪಾದರೆ ಈಗ ನೆಲ ಬಿರಿದು ನನ್ನನ್ನು ನುಂಗಬಾರದೇ ಅನ್ನಿಸುತ್ತದೆ.

ನಿಮ್ಮ ಈ ಸಲದ ಕಾಗದ ಬಂದ ದಿನವೇ ಹೋಗಿ, ಅದನ್ನು ತೆಗೆದುಹಾಕಿ ಎಂದು ಕಾಲು ಹಿಡಿಯುವಷ್ಟು ಕೇಳಿಕೊಂಡೆ. ಆಗುವುದಿಲ್ಲ, ಆಡುವವರಿಗೆ ಅದು ಅಚ್ಚುಮೆಚ್ಚು ಎಂದರು. ಹಿಮ್ಮಡಿ ಇಳಿಯುವುದನ್ನಾದರೂ ಅಳಿಸಿ ಎಂದೆ. ಅದು ಇರಲೇಬೇಕು, ಎದುರಾಳಿಗೆ ಒಂದು ಸುಳಿವು ಸಿಗದಿದ್ದರೆ ಆಟ ನ್ಯಾಯವಾಗಿರುವುದಿಲ್ಲ ಎಂದರು. ನ್ಯಾಯ ಎನ್ನುವ ಮಾತನ್ನೇ ಅಂದರು, ದೊಡ್ಡಮ್ಮ.

ಒಂದು ವಿಷಯ ಮಾತ್ರ ನನಗೆ ತಿಳಿಯುತ್ತಿಲ್ಲ. ಹಿಮ್ಮಡಿ ಇಳಿಸುವುದು ಪಟ್ಟಿನ ಭಾಗವೇ ಅಲ್ಲವೇ? ನೀವು ಹಾಗೇ ಮಾಡುತ್ತಿದ್ದಿರಿ. ಸರಿಯಾಗಿ ನಿಮ್ಮ ಹಾಗೇ ಇಳಿಯಬೇಕೆಂದು ಕನ್ನಡಿ ಮುಂದೆ ಹನ್ನೆರಡು ವರ್ಷ ಅಭ್ಯಾಸ ಮಾಡಿದ್ದೇನೆ.

ಬುಗುರಿ ಎಂದು ಬರೆದುಕೊಳ್ಳಲು ನಾಚಿಕೆಯಾಗುತ್ತದೆ.

ಮೇ 3

ಬುಗುರಿ,

ಶಾಲೆಯೊಳಗೆ ನೀವು, ಮನೆಯೊಳಗೆ ನೀನು ಎಂದು ನಾನೇ ನಿನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದೆ. ಈ ಸಲ ಕಾಗದದ ತುಂಬ ‘ನೀವು’ ಬರೆದಿದ್ದೀಯ. ಹಾಗಾದರೆ ಕೇಳು, ಟೀಚರಾಗಿಯೇ ಹೇಳುತ್ತೇನೆ.

ಹಿಮ್ಮಡಿ ಪಟ್ಟಿನದ್ದಲ್ಲ, ನನ್ನದು.

ನನ್ನ ಟೀಚರು ನನಗೆ ಕಲಿಸಿದಾಗ ಹಿಮ್ಮಡಿ ಮೇಲೆಯೇ ಇರುತ್ತಿತ್ತು, ಬೆರಳ ತುದಿಯಲ್ಲೇ ತಿರುಗಬೇಕು. ಇಪ್ಪತ್ತು ವರ್ಷದ ಹಿಂದೆ ನನ್ನ ಎಡ ಮಂಡಿ ಕೆಟ್ಟಿತು. ಭಾರ ತಡೆಯದೆ ಒಂದು ಕ್ಷಣ ಹಿಮ್ಮಡಿ ಊರಿ ಸುಧಾರಿಸಿಕೊಂಡು ತಿರುಗುತ್ತಿದ್ದೆ. ಮೆಟ್ಟಿಲಲ್ಲಿ ಜಾರಿದ್ದೆಲ್ಲ ಸುಳ್ಳು. ಕುಂಟಿ ಎನ್ನುತ್ತಾರೆ, ಶಾಲೆಗೆ ಯಾರೂ ಬರುವುದಿಲ್ಲ ಎಂದು ಯಾರಿಗೂ ಹೇಳಲಿಲ್ಲ. ನೀನು ನನ್ನ ಹಾಗೇ ಹಿಮ್ಮಡಿ ಇಳಿಸಿದ್ದನ್ನು ಮೊದಲ ದಿನವೇ ನೋಡಿದೆ. ತಿದ್ದಬೇಕಾದರೆ ಕಾರಣ ಹೇಳಬೇಕಿತ್ತು. ಸುಮ್ಮನಿದ್ದೆ. ನಿನ್ನ ನಂತರ ಕಲಿತ ಎಲ್ಲರಿಗೂ ಅದನ್ನೇ ದಾಟಿಸಿದೆ. ಪಟ್ಟನ್ನು ಬೀದಿಗೆ ಇಟ್ಟವಳು ನೀನು. ಅದರಲ್ಲಿ ಮಿನುಗುವ ಕೆಂಪು ದೀಪ ಇಟ್ಟವಳು ನಾನು. ಕನ್ನಡಕದ ಅಂಗಡಿಯವಳ ಗಂಡನಿಗೆ ಎರಡೂ ಬೇಕಾಗಿದ್ದವು.

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ನಿನ್ನೆ ಅವಳನ್ನು ಕೂರಿಸಿಕೊಂಡು ಹೇಳಿದೆ, ತಪ್ಪು ನಿನ್ನದಲ್ಲ, ನನ್ನ ಮಂಡಿಯದ್ದು ಎಂದೆ. ಅರುವತ್ತಾರು ವರ್ಷದಲ್ಲಿ ಮೊದಲ ಸಲ ಒಬ್ಬ ಶಿಷ್ಯೆಯ ಮುಂದೆ ತಲೆ ತಗ್ಗಿಸಿದೆ. ಅದು ಆಟದೊಳಗೆ ಹೇಗೆ ಹೋಯಿತು ಎಂದು ಅವಳು ಕೇಳಿದಾಗ ಮಾತ್ರ ಮಾತು ಬದಲಿಸಿದೆ. ನಿನ್ನ ಹೆಸರು ಹೇಳಲಿಲ್ಲ.

ಆಮೇಲೆ ಅವಳೇ ನಿನ್ನನ್ನು ವಿಚಾರಿಸಿದಳು. ಕಾರ್ಟೂನಿನಲ್ಲಿ ಬೀಳುವ ನಿಮ್ಮ ತಂಗಿಯ ಮಗಳು ಚೆನ್ನಾಗಿದ್ದಾಳಾ ಎಂದಳು. ಚೆನ್ನಾಗಿದ್ದಾಳೆ ಎಂದೆ.

ದೊಡ್ಡಮ್ಮ

ಮೇ 12

ದೊಡ್ಡಮ್ಮ,

ಇದರ ಜೊತೆ ಇನ್ನೊಂದು ಕಾಗದ ಇಟ್ಟಿದ್ದೇನೆ, ಕನ್ನಡಕದ ಅಂಗಡಿಯವರಿಗೆ ಬರೆದದ್ದು. ಐದು ಸಲ ಹರಿದೆ. ಪ್ರತಿ ಸಲವೂ ಬಿಸ್ಕತ್ತು ತಿನ್ನುವವರು, ಆಕಳಿಸುವ ನಿರ್ದೇಶಕರು ಎಂದು ಬೇರೆಯವರೇ ಅದರಲ್ಲಿ ತುಂಬಿಕೊಳ್ಳುತ್ತಿದ್ದರು. ಕೊನೆಗೆ ನಾಲ್ಕೇ ಸಾಲು ಉಳಿಯಿತು. ಸೇತುವೆಯ ಮೇಲಿರುವವಳು ನಾನು, ತೋರಿಸಬೇಡ ಎಂದದ್ದನ್ನು ಹೊಗಳಿಕೆಗೆ ತೋರಿಸಿದೆ, ಅದರಿಂದ ನಿಮ್ಮ ಕೈ ಮುರಿಯಿತು, ನೀವು ಹೇಳಿದ್ದನ್ನು ಮಾಡುತ್ತೇನೆ.

ಲಕೋಟೆ ಅಂಟಿಸಿಲ್ಲ. ನೀನು ಓದಿ ಕೊಡು. ನನ್ನ ಬದಲು ನೀನು ಏನೂ ಹೇಳಬೇಡ.

ಸ್ಟುಡಿಯೋದ ಕೆಲಸ ಬಿಟ್ಟೆ. ಬಿಟ್ಟದ್ದರಿಂದ ಏನೂ ಸರಿಹೋಗಲಿಲ್ಲ, ಸೇತುವೆಯ ಮೇಲೆ ಅವಳು ಇವತ್ತೂ ತಿರುಗುತ್ತಿದ್ದಾಳೆ.

ಬುಗುರಿ

ಮೇ 20

ಬುಗುರಿ,

ಕೊಟ್ಟೆ. ಕಿಟಕಿಯ ಹತ್ತಿರ ನಿಂತು ಎರಡು ಸಲ ಓದಿದಳು. ಕನ್ನಡಕ ತೆಗೆದು ಒರೆಸಿ ಮತ್ತೊಮ್ಮೆ ಓದಿದಳು. ಮಡಿಸಿ ಪ್ಲಾಸ್ಟರಿನ ಸಂದಿಗೆ ಸಿಕ್ಕಿಸಿಕೊಂಡಳು. ಕಂಡಕ್ಟರಮ್ಮ ಸಮಾಧಾನ ಹೇಳಲು ಹೋದಳು, ನಾನೇ ಸುಮ್ಮನಿರು ಎಂದೆ. ಯಂತ್ರವನ್ನು ಆಕೆ ಈಗ ಮನೆಯಲ್ಲೇ ಬಿಟ್ಟು ಬರುತ್ತಾಳೆ. ಮರದಡಿ ಕೂರುವ ವೈದ್ಯೆಗೆ ರೋಗಿಗಳು ಕಾಯುತ್ತಿರಬೇಕು, ಪಾಪ.

ಮರುದಿನ ಒಂದೇ ಕೈಯಲ್ಲಿ ಮ್ಯಾಟು ಹಾಸುತ್ತ ಅವಳೇ ಮಾತು ತೆಗೆದಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ಹಿಮ್ಮಡಿ ಎತ್ತಿ ಹೊಸದಾಗಿ ಕಲಿಯುತ್ತೇನೆ ಎಂದಳು. ಆ ಮನೆಗೆ ಮತ್ತೆ ಹೋಗುವುದಿಲ್ಲವಂತೆ, ಆದರೂ ಕಲಿಯುತ್ತಾಳಂತೆ. ಆ ಪಟ್ಟು ಈಗ ಊರಿಗೆಲ್ಲ ಗೊತ್ತು, ಗೊತ್ತಿರುವವನನ್ನೂ ದಾಟುವ ಹಾಗೆ ಕಲಿಯಬೇಕು, ಬಾಗಿಲಿಗೆ ಅಡ್ಡ ಯಾರು ನಿಲ್ಲುವುದು ಎಂದೆ. ನನಗೂ ಕಂಡಕ್ಟರಮ್ಮನಿಗೂ ಸೇರಿ ಮೂರು ಹೊಸ ಮಂಡಿ, ನಾವು ನಿಲ್ಲಲಾರೆವು.

“ಅವಳೇ ನಿಲ್ಲಲಿ” ಎಂದಳು, ಪ್ಲಾಸ್ಟರಿನ ಸಂದಿಯಲ್ಲಿದ್ದ ನಿನ್ನ ಕಾಗದ ಮುಟ್ಟಿ.

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ, ನೀನೂ ಬಂದು ಕೇಳಬೇಡ.

ಜೂನ್ ಎಂಟರಂದು ಪ್ಲಾಸ್ಟರ್ ಬಿಚ್ಚುತ್ತಾರೆ. ಮೂಳೆ ಗಟ್ಟಿಯಾಗಿದೆ, ಮಾಡಬಹುದು ಎಂದು ಡಾಕ್ಟರು ಹೇಳಿದ ಮೇಲೆ ಬರೆಯುತ್ತೇನೆ, ಆಗ ಬಾ. ಒಂದು ಮಾತು ನೆನಪಿಟ್ಟುಕೋ. ಬೀಳುವುದರಲ್ಲಿ ನೀನು ಪಳಗಿದವಳು, ಇಲ್ಲಿ ಮಾತ್ರ ಬೇಕೆಂದೇ ಬೀಳಬೇಡ, ಅವಳಿಗೆ ಗೊತ್ತಾಗುತ್ತದೆ. ಬಾಗಿಲಿಗೆ ಅಡ್ಡ ನಿಂತು ಅವಳ ಕೈಯನ್ನು ಅವನು ಹಿಡಿದಷ್ಟೇ ಗಟ್ಟಿಯಾಗಿ ಹಿಡಿ. ಅವಳು ನಿನ್ನನ್ನು ದಾಟಿ ಹೋಗುವವರೆಗೂ ಬಿಡಬೇಡ.

ದೊಡ್ಡಮ್ಮ